ಕದ್ದು ಕೊಟ್ಟ ಆರು ಮಾತ್ರೆ

ನನ್ನ ಕೆಲಸವೇ ಮಾತ್ರೆ ನುಂಗಿಸುವುದು. ಹಾನುಬಾಳಿನ ಸುತ್ತಿನ ನಾಲ್ಕು ಹಳ್ಳಿಗಳಿಗೆ, ಎರಡು ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಗೆ ನಾನು ಆಶಾ ಕಾರ್ಯಕರ್ತೆ. ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ, ಮಕ್ಕಳಿಗೆ ಜಂತುಹುಳದ ಮಾತ್ರೆ, ಟೀಬಿ ಬಂದವರಿಗೆ ತಿಂಗಳುಗಟ್ಟಲೆ ಮಾತ್ರೆ. ಕೊಟ್ಟು ಬಂದರೆ ಸಾಲದು, ಕಣ್ಣೆದುರೇ ನುಂಗಿಸಬೇಕು, ನಾಲಿಗೆ ಎತ್ತಿಸಿ ನೋಡಬೇಕು. ಕೆನ್ನೆಯ ಸಂದಿಯಲ್ಲಿ ಒತ್ತಿಟ್ಟುಕೊಂಡು, ನಾನು ಬೆನ್ನು ತಿರುಗಿಸಿದ ಕೂಡಲೇ ಕಾಫಿ ಗಿಡದ ಬುಡಕ್ಕೆ ಉಗಿಯುವವರನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ. ವಾಂತಿ ಬರುತ್ತೆ, ತಲೆ ಸುತ್ತುತ್ತೆ, ಮೈ ಉರಿಯುತ್ತೆ ಎಂದು ಅವರು ಹೇಳುವ ಸಬೂಬುಗಳೆಲ್ಲ ನನಗೆ ಬಾಯಿಪಾಠ. ನನ್ನ ಜೋರು ಬಾಯಿಗೆ ಹೆದರಿಯೇ ಅರ್ಧ ಜನ ವಾಸಿಯಾಗುತ್ತಾರೆ ಎಂದು ಆರೋಗ್ಯ ಕೇಂದ್ರದಲ್ಲಿ ತಮಾಷೆ ಮಾಡುತ್ತಾರೆ. ಆ ತಮಾಷೆ ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ ಎನ್ನುವುದನ್ನು ಈಗ ಒಪ್ಪಿಕೊಳ್ಳಬೇಕು.

ನನ್ನ ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಬಸ್ಸು ನಿಲ್ಲುವಲ್ಲಿ ಒಂದು ಚಿಕ್ಕ ಮಳಿಗೆ ಹಿಡಿದು ಬ್ಲೌಸು ಹೊಲಿಯುತ್ತಾಳೆ. ಸಕಲೇಶಪುರದಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಹೆಂಗಸು ಒಳಗೆ ಕಾಲಿಡುತ್ತಿದ್ದ ಹಾಗೇ ಕಣ್ಣಲ್ಲಿ ಅಳತೆ ತೆಗೆದು ಮುಗಿಸಿರುತ್ತಾಳೆ, ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಮನೆಯಲ್ಲಿರುವುದು ನಾವು ಮೂವರೇ: ನಾನು, ಅವಳು, ಅವ್ವ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಆ ಮಳಿಗೆಯಲ್ಲೇ ಅವಳಿಗೆ ಮೊದಲ ಸಲ ಫಿಟ್ಸ್ ಬಂತು. ನಾನು ಓಡಿ ಹೋಗುವಷ್ಟರಲ್ಲಿ ಕೈಗೆ ಬೀಗದ ಕೈಗೊಂಚಲು ಹಿಡಿಸಿ, ಮೂಗಿಗೆ ಚಪ್ಪಲಿ ಹಿಡಿದು ಊರಿನ ಪಂಡಿತರೆಲ್ಲ ಸುತ್ತ ನಿಂತಿದ್ದರು. ಅವಳ ಕಾಲು ಹೊಲಿಗೆ ಯಂತ್ರದ ಕಬ್ಬಿಣದ ಪೆಡಲಿಗೆ ಬಡಿದು ಬಡಿದು ರಕ್ತ ಬರುತ್ತಿತ್ತು. ಆ ಕಾಲನ್ನು ಈಚೆಗೆ ಎಳೆಯಬೇಕೆಂದು ಒಬ್ಬನಿಗೂ ಹೊಳೆದಿರಲಿಲ್ಲ. ಎಲ್ಲರನ್ನೂ ಬೈದು ಓಡಿಸಿ ಅವಳನ್ನು ಒಂದು ಮಗ್ಗುಲಿಗೆ ಮಲಗಿಸಿದೆ. ಹನ್ನೆರಡು ದಿನ ಬಿಟ್ಟು ಅಡುಗೆ ಮನೆಯಲ್ಲಿ ಇನ್ನೊಂದು ಸಲ ಬಂತು. ಮಾರನೆಯ ದಿನವೇ ಸಕಲೇಶಪುರಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಹೆಸರು ಮಾಡಿದವರು. ಸ್ಕ್ಯಾನ್ ಮಾಡಿಸಿ, ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು. ಕೇಳಿದ್ದನ್ನೆಲ್ಲ ನನ್ನನ್ನೇ ಕೇಳಿದರು. ತಂಗಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಕಾರ್ಬಮಜೆಪಿನ್ ಎಂಬ ಮಾತ್ರೆ ಬರೆದರು, ಮೊದಲ ವಾರ ಅರ್ಧರ್ಧ, ಆಮೇಲೆ ಬೆಳಿಗ್ಗೆ ಒಂದು ಸಂಜೆ ಒಂದು. ಒಂದು ಹೊತ್ತೂ ಬಿಡಬಾರದು, ಯಾರು ಏನೇ ಹೇಳಿದರೂ ಬಿಡಬಾರದು, ಬಿಟ್ಟರೆ ಫಿಟ್ಸಿನ ಮೇಲೆ ಫಿಟ್ಸ್ ಬಂದು ಜೀವಕ್ಕೇ ಕುತ್ತು ಎಂದರು. ತೊಂದರೆ ಏನಾದರೂ ಆಗುತ್ತದೆಯೇ ಎಂದು ಕೇಳಿದೆ. ಸ್ವಲ್ಪ ತಲೆ ಸುತ್ತಬಹುದು, ನಿದ್ದೆ ಬರಬಹುದು ಎಂದು ಹೇಳಿ ಗಂಟೆ ಒತ್ತಿದರು. ಅವರಾಡಿದ್ದು ಥೇಟ್ ನನ್ನದೇ ಭಾಷೆ. ಇಂಥ ಡಾಕ್ಟರು ಬೇಕು ಎಂದುಕೊಂಡು ಖುಷಿಯಲ್ಲೇ ಎದ್ದು ಬಂದೆ.

ಔಷಧದ ಅಂಗಡಿಯವನು ಮಾತ್ರೆಯ ಪಟ್ಟಿಯನ್ನು ಕತ್ತರಿಯಲ್ಲಿ ಕಚಕ್ಕೆಂದು ಕತ್ತರಿಸಿ, ಲೆಕ್ಕಕ್ಕೆ ಸರಿಯಾಗಿ ಪೊಟ್ಟಣಕ್ಕೆ ಹಾಕಿಕೊಟ್ಟ. ಪೆಟ್ಟಿಗೆಯೊಳಗೆ ಮಡಿಸಿಟ್ಟ ಒಂದು ಕಾಗದ ಇರುತ್ತದೆ, ಅದರಲ್ಲಿ ಎಲ್ಲ ಬರೆದಿರುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆ ಕಾಗದ ಅಂಗಡಿಯ ಕಸದ ಬುಟ್ಟಿಗೆ ಹೋಗುತ್ತದೆ. ಕೈಗೆ ಸಿಕ್ಕಿದ್ದರೂ ಅದು ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾರು ಓದಲಿ ಎಂದು ಅದನ್ನು ಅಚ್ಚು ಹಾಕುತ್ತಾರೋ ಹಾಕುವವರಿಗೇ ಗೊತ್ತು.

ಮಾತ್ರೆ ಕೆಲಸ ಮಾಡಿತು. ಫಿಟ್ಸ್ ಮತ್ತೆ ಬರಲಿಲ್ಲ. ಮೊದಮೊದಲು ತಲೆ ತೂಗುತ್ತಿತ್ತು, ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಒಂದು ಬ್ಲೌಸಿಗೆ ಎರಡೂ ಎಡತೋಳು ಹಚ್ಚಿ ಕೂತಿದ್ದಳು, ನಾವು ಮೂವರೂ ಅದನ್ನು ಎತ್ತಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಡಾಕ್ಟರಿಗೆ ಫೋನು ಮಾಡಿ ಕೇಳಿದ್ದಕ್ಕೆ ಬರುಬರುತ್ತಾ ಮೈ ಹೊಂದಿಕೊಳ್ಳುತ್ತದೆ ಎಂದರು. ಹೊಂದಿಕೊಂಡಿತು ಕೂಡ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ, ಸಂಜೆ ದೀಪ ಹಚ್ಚಿದ ಮೇಲೆ ನಾನೇ ಮಾತ್ರೆ ಕೊಟ್ಟು, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. ಸ್ವಂತ ತಂಗಿಯ ನಾಲಿಗೆಯನ್ನು.

ಹದಿನೆಂಟನೆಯ ದಿನ ಜ್ವರ ಬಂತು. ಗಂಟಲು ನೋವು, ಕಣ್ಣು ಕೆಂಪು. ಮಳೆ ಹೊಡೆಯುತ್ತಿತ್ತು, ಊರಿಗೆಲ್ಲ ಜ್ವರವಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾರನೆಯ ದಿನ ಎದೆಯ ಮೇಲೆ, ಕತ್ತಿನ ಸುತ್ತ ಕೆಂಪು ಮಚ್ಚೆ ಎದ್ದವು. ಅವ್ವ ಸೆರಗು ಸರಿಸಿ ನೋಡಿ, ಎರಡೂ ಕೆನ್ನೆ ಬಡಿದುಕೊಂಡು ಕೈಮುಗಿದಳು.

"ಅಮ್ಮ ಆಗೈತೆ ಕಣೆ. ಇನ್ನ ನೀರು ಹಾಕೋಗಂಟ ಮಾತ್ರೆ ಗೀತ್ರೆ ಏನೂ ಒಳಿಕ್ಕೆ ಹೋಗಂಗಿಲ್ಲ."

ನಮ್ಮ ಕಡೆ ಮೈಮೇಲೆ ಗುಳ್ಳೆ, ಮಚ್ಚೆ ಎದ್ದರೆ ದೇವಿ ಮನೆಗೆ ಬಂದಳು ಎಂದೇ ಲೆಕ್ಕ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ, ಆಸ್ಪತ್ರೆಯ ಹೆಸರು ಎತ್ತುವಂತಿಲ್ಲ. ದೇವಿ ತಾನಾಗಿ ಇಳಿದ ಮೇಲೆ ಬೇವಿನ ನೀರು ಹಾಕಿ ಕಳಿಸಿಕೊಡಬೇಕು. ನಡುವೆ ಮಾತ್ರೆ ಕೊಟ್ಟರೆ ಅವಳು ಮುನಿಯುತ್ತಾಳೆ. ನಮ್ಮ ಮಳೆಗೆ ಬೇವಿನ ಮರ ನಿಲ್ಲುವುದಿಲ್ಲ, ಅದಕ್ಕೆ ಅವ್ವ ಬಸ್ಸಿನ ಕಂಡಕ್ಟರಿಗೆ ಹೇಳಿ ಆಲೂರಿನ ಆಚೆಯಿಂದ ಒಂದು ಹೊರೆ ಸೊಪ್ಪು ತರಿಸಿದಳು. ತಂಗಿಯ ಮಾತ್ರೆಯ ಡಬ್ಬಿಯನ್ನು ಎತ್ತಿ ದೇವರ ಗೂಡಿನಲ್ಲಿಟ್ಟು ಅದರ ಮೇಲೆ ಕುಂಕುಮದ ಬಟ್ಟಲು ಇಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ವರ್ಷಗಟ್ಟಲೆ ಇಂಥದ್ದರ ವಿರುದ್ಧ ಮನೆ ಮನೆ ತಿರುಗಿ ಗಂಟಲು ಹರಿದುಕೊಂಡವಳು ನಾನು, ನನ್ನ ಮನೆಯ ಬಾಗಿಲಿಗೇ ಸೊಪ್ಪು. ಆದರೆ ನಿಜ ಹೇಳಬೇಕೆಂದರೆ, ಅದು ಅಮ್ಮ ಎನ್ನುವುದನ್ನು ನಾನೂ ನಂಬಿದೆ. ಆ ತಿಂಗಳು ಎಸ್ಟೇಟಿನ ಲೈನಿನಲ್ಲಿ ಎರಡು ಮಕ್ಕಳಿಗೆ ಆಗಿತ್ತು, ಅವರ ವಿವರ ಬರೆದುಕೊಂಡು ಬಂದವಳು ನಾನೇ. ಅಲ್ಲಿಂದ ನಾನೇ ಅಂಟಿಸಿಕೊಂಡು ಬಂದಿರಬೇಕು ಎಂದುಕೊಂಡೆ. ಅವ್ವ ಅಮ್ಮ ಎಂದದ್ದನ್ನು ನಾನು ಚಿಕನ್‌ಪಾಕ್ಸ್ ಎಂದೆ, ವ್ಯತ್ಯಾಸ ಅಷ್ಟೇ. ಅದು ತಾನಾಗಿ ಹೋಗುತ್ತದೆ, ಫಿಟ್ಸಿನ ಮಾತ್ರೆ ಮಾತ್ರ ನಿಲ್ಲಬಾರದು ಎಂದು ತೀರ್ಮಾನಿಸಿದೆ. ಲೈನಿನ ಮಕ್ಕಳ ಮೈಮೇಲೆ ನೀರು ತುಂಬಿದ ಗುಳ್ಳೆ ಇದ್ದವು, ತುರಿಕೆ ಇತ್ತು. ಇವಳದು ಚಪ್ಪಟೆ ಮಚ್ಚೆ, ನಡುವೆ ಕಪ್ಪು ತಿರುಗಿದ್ದು. ತುರಿಸುತ್ತಿರಲಿಲ್ಲ, ನೋಯುತ್ತಿತ್ತು. ಎರಡನ್ನೂ ಅದೇ ವಾರದಲ್ಲಿ ನೋಡಿದ ಕಣ್ಣು ನನ್ನದು.

ಮುಂದಿನ ತಿಂಗಳಿಗೆಂದು ತಂದಿದ್ದ ಮಾತ್ರೆ ನನ್ನ ಡ್ಯೂಟಿ ಬ್ಯಾಗಿನಲ್ಲಿತ್ತು. ಅವ್ವ ಹಿತ್ತಿಲಿಗೆ ಹೋದ ಹೊತ್ತು ನೋಡಿ, ಸಂಜೆ ಒಂದು, ಬೆಳಿಗ್ಗೆ ಒಂದು ಕೊಡಲು ಶುರು ಮಾಡಿದೆ. ಬಾಯೆಲ್ಲ ಹುಣ್ಣಾಗಿತ್ತು, ನುಂಗಲು ಆಗುತ್ತಿರಲಿಲ್ಲ. ಚಮಚದ ಹಿಂಬದಿಯಲ್ಲಿ ಪುಡಿ ಮಾಡಿ ಮೊಸರಿಗೆ ಕಲಸಿದೆ. ಮೂರನೆಯ ಸಲ ಕೊಡುವಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು.

"ಬ್ಯಾಡ ಕಣಕ್ಕ. ಇದು ನುಂಗಿದ್ ಮ್ಯಾಲೇ ಉರಿ ಜಾಸ್ತಿ ಆಗ್ತಾ ಐತೆ."

"ಎಲ್ರೂ ಇದ್ನೇ ಹೇಳೋದು. ಬಾಯಿ ತೆಗಿ," ಎಂದೆ.

ಅವಳು ಬಾಯಿ ತೆಗೆದಳು. ನಾನು ಅಕ್ಕ, ಸಾಲದ್ದಕ್ಕೆ ಆಶಾ, ತಿಳಿದವಳು. ಹಾಗೆ ಮಚ್ಚೆ ಕಂಡ ಮೇಲೆ ನಾನು ಕೊಟ್ಟದ್ದು ಆರು ಮಾತ್ರೆ.

ಆರನೆಯದನ್ನು ಕೊಟ್ಟ ಬೆಳಿಗ್ಗೆ ಅವಳ ರೆಪ್ಪೆಗಳು ಅಂಟಿಕೊಂಡು ಬಿಡಿಸಲು ಬರಲಿಲ್ಲ. ತುಟಿ ಕರಿಕಟ್ಟಿತ್ತು. ಉರಿ ತಣಿಯಲೆಂದು ಅವ್ವ ಬೇವಿನ ಸೊಪ್ಪಿನಲ್ಲಿ ಬೆನ್ನು ನೀವಿದಳು, ಸೊಪ್ಪಿನ ಜೊತೆ ಚರ್ಮವೂ ಎದ್ದು ಬಂತು. ಅವ್ವ ಸೊಪ್ಪು ಕೆಳಗಿಟ್ಟಳು. ನಾನು ರಸ್ತೆಗೆ ಓಡಿದೆ. ಹಾನುಬಾಳಿಂದ ಸಕಲೇಶಪುರಕ್ಕೆ ಜೀಪು ಓಡಿಸುವ ಸಾಬರೊಬ್ಬರು ಸಿಕ್ಕರು. ಅಮ್ಮ ಆದ ಮನೆಯೆಂದು ಬೇರೆ ಯಾರೂ ಹತ್ತಿರ ಸುಳಿಯದಿದ್ದಾಗ ಅವರೇ ಒಳಗೆ ಬಂದು, ಚಾಪೆಯ ಸಮೇತ ಎತ್ತಿ ಮಲಗಿಸಿಕೊಂಡು, ಸಕಲೇಶಪುರದಲ್ಲೂ ನಿಲ್ಲಿಸದೆ ನೇರ ಹಾಸನಕ್ಕೆ ಬಿಟ್ಟರು.

ಅಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಬೆನ್ನು ನೋಡಿದರು, ಬಾಯಿ ನೋಡಿದರು, ಇತ್ತೀಚೆಗೆ ಹೊಸದಾಗಿ ಯಾವ ಮಾತ್ರೆ ಶುರುವಾಯಿತು ಎಂದು ಕೇಳಿದರು. ಬ್ಯಾಗಿನಿಂದ ತೆಗೆದು ಕೊಟ್ಟೆ. ಕೊನೆಯದು ಯಾವಾಗ ಕೊಟ್ಟಿರಿ ಎಂದರು. ಇವತ್ತು ಬೆಳಿಗ್ಗೆ, ಒಂದು ಹೊತ್ತೂ ತಪ್ಪಿಸಿಲ್ಲ ಎಂದೆ. ಶಭಾಷ್ ಅನ್ನಿಸಿಕೊಳ್ಳುವ ದನಿ ಅದು. ಆ ದನಿಯನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

"ಇದು ಅಮ್ಮ ಅಲ್ಲ," ಎಂದರು ಅವರು. "ಈ ಮಾತ್ರೆ ಇವರ ಮೈಗೆ ಆಗಿಲ್ಲ. ಮೊದಲ ಮಚ್ಚೆ ಕಂಡ ದಿನಾನೇ ಇದನ್ನ ನಿಲ್ಲಿಸಿ ಬರಬೇಕಿತ್ತು."

ಜೀವ ಉಳಿಸಲು ನೋಡುತ್ತೇವೆ, ಕಣ್ಣಿನದು ಈಗಲೇ ಹೇಳಲಾಗುವುದಿಲ್ಲ ಎಂದೂ ಹೇಳಿದರು.

ನಾನು ಹೊರಗೆ ಬಂದೆ. ಅವ್ವ ಗೋಡೆಗೊರಗಿ ಕೂತಿದ್ದಳು, ಸೆರಗಿನ ತುದಿಯಲ್ಲಿ ಇನ್ನೂ ನಾಲ್ಕು ಎಸಳು ಬೇವು ಕಟ್ಟಿಕೊಂಡಿದ್ದಳು. ಅದನ್ನು ಕಂಡದ್ದೇ ನನಗೆ ಏನಾಯಿತೋ, ಅಷ್ಟು ಜನರ ಮುಂದೆ ಅವಳ ಮೇಲೆ ಕೂಗಾಡಿದೆ. ನಿನ್ನ ಸೊಪ್ಪು, ನಿನ್ನ ಮಡಿ, ನಿನ್ನ ದೇವಿ ಸೇರಿ ನಾಲ್ಕು ದಿನ ಮನೆಯಲ್ಲಿ ಕೂಡಿಹಾಕಿ ನನ್ನ ತಂಗಿಯನ್ನು ಈ ಗತಿಗೆ ತಂದಿರಿ ಎಂದೆ. ಒಳಗೆ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು ಎರಡು ನಿಮಿಷವೂ ಆಗಿರಲಿಲ್ಲ. ಗೊತ್ತಿದ್ದೂ ಬೈದೆ.

ಸುಟ್ಟ ಗಾಯದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ಆ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ ಫಿಟ್ಸಿಗೆ ಬೇರೆ ಜಾತಿಯ ಔಷಧ ಶುರು ಮಾಡಿದರು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ. ಕಣ್ಣು ಮುಚ್ಚಿ ಮಲಗಿದ್ದ ಅವಳು ಮೂರನೆಯ ದಿನ ತುಟಿ ಬಿಡಿಸಿ ಕೇಳಿದ್ದು ಒಂದೇ ಮಾತು, ದಾರ ಪೋಣಿಸಲು ಆಗುತ್ತಾ ಎಂದು. ನರ್ಸು ಆಗುತ್ತೆ ಎಂದರು. ನನಗೆ ಹಾಗೆನ್ನುವ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಆ ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಫಿಟ್ಸಿನ ಮಾತ್ರೆಯನ್ನು ಮನಸ್ಸಿಗೆ ಬಂದಾಗ ಬಿಡಬಾರದು ಎನ್ನುವುದು ಸರಿಯೇ. ಆದರೆ ಹೊಸದಾಗಿ ಶುರುವಾದ ಮೊದಲ ಕೆಲವು ವಾರಗಳಲ್ಲಿ ಜ್ವರದ ಜೊತೆ ಮಚ್ಚೆ ಎದ್ದರೆ, ಬಾಯಿ ಹುಣ್ಣಾದರೆ, ಕಣ್ಣು ಉರಿದರೆ ಆ ಮಾತು ಅಲ್ಲಿಗೆ ಮುಗಿಯಿತು. ಮುಂದಿನ ಮಾತ್ರೆ ಕೊಡದೆ ಅದೇ ದಿನ ಆಸ್ಪತ್ರೆಗೆ ಬರಬೇಕು, ಫಿಟ್ಸ್ ತಡೆಯಲು ಬೇರೆ ಔಷಧ ಅವರು ಕೊಡುತ್ತಾರೆ. ಇವಳಿಗೆ ಇನ್ನು ಜೀವಮಾನದಲ್ಲಿ ಈ ಮಾತ್ರೆ ಕೊಡುವಂತಿಲ್ಲ, ಇದರ ನೆಂಟರಂಥ ಇನ್ನೂ ಕೆಲವು ಫಿಟ್ಸಿನ ಮಾತ್ರೆಗಳನ್ನೂ ಕೊಡುವಂತಿಲ್ಲ. ಆ ಹೆಸರುಗಳನ್ನು ಒಂದು ಕಾರ್ಡಿನಲ್ಲಿ ಬರೆದು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ ಎಂದು ಕೊಟ್ಟರು. ಇಷ್ಟನ್ನೆಲ್ಲ ಹೇಳಲು ಅವರಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಷ್ಟು ಹೊತ್ತೂ ಸಕಲೇಶಪುರದ ಡಾಕ್ಟರ ಬಳಿ ಇರಲಿಲ್ಲವೇ? ತಂಗಿ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಹೋಗಿ ಕೇಳಿದೆ. ಸರದಿಯಲ್ಲಿದ್ದವರನ್ನೆಲ್ಲ ದಾಟಿಕೊಂಡು ಒಳಗೆ ನುಗ್ಗಿದೆ. ಅವರೇನೂ ದಬಾಯಿಸಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಇದು ಆಗೋದು ಬಹಳ ಅಪರೂಪ. ಎಲ್ಲಾರಿಗೂ ಹೇಳ್ತಾ ಹೋದ್ರೆ ಹೆದರಿಕೊಂಡು ಯಾರೂ ಮಾತ್ರೆನೇ ಮುಟ್ಟಲ್ಲ," ಎಂದರು.

ಅವರ ಮೇಜು ಕುಟ್ಟಿ ಬೈಯಬೇಕೆಂದೇ ಹೋಗಿದ್ದೆ, ಬೈದೆ ಕೂಡ. ಹೆದರಲಿ ಬಿಡಿ, ಹೆದರಿದವರು ಬದುಕಿಕೊಳ್ಳುತ್ತಾರೆ, ಒಂದು ಮಾತು ಕನ್ನಡದಲ್ಲಿ ಚೀಟಿಯ ಹಿಂದೆ ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಹೊರಗೆ ಕೂತವರಿಗೆಲ್ಲ ಕೇಳಿಸುವ ಹಾಗೆ ಹೇಳಿದೆ, ಅದರ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪ ಇಲ್ಲ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಅವರ ಮಾತು ಒಳಗೇ ಕೊರೆಯತೊಡಗಿತು. ಏಕೆಂದರೆ ಅದನ್ನೂ ನಾನು ಆಡಿದ್ದೆ. ಟೀಬಿ ಮಾತ್ರೆಯಿಂದ ಏನೇನಾಗಬಹುದು ಎಂದು ಲೈನಿನವರು ಕೇಳಿದಾಗಲೆಲ್ಲ ಏನೂ ಆಗಲ್ಲ ನುಂಗಿ ಎಂದು ಹೇಳುತ್ತಲೇ ಬಂದಿದ್ದೇನೆ, ಹೇಳಿದರೆ ಬಿಟ್ಟುಬಿಡುತ್ತಾರೆ ಎಂಬ ಭಯಕ್ಕೆ. ಅವರ ನೋವನ್ನು ಸಬೂಬು ಎಂದು ಕರೆಯಲು ನನಗೆ ಯಾವ ಡಾಕ್ಟರೂ ಕಲಿಸಿರಲಿಲ್ಲ.

ಹದಿನಾರು ದಿನದ ಮೇಲೆ ಅವಳನ್ನು ಮನೆಗೆ ಕಳಿಸಿದರು. ಕಣ್ಣು ಉಳಿಯಿತು. ಕಣ್ಣೀರು ಮಾತ್ರ ಮೊದಲಿನ ಹಾಗೆ ಊರುವುದಿಲ್ಲ, ದಿನಕ್ಕೆ ಆರೇಳು ಸಲ ಹನಿ ಹಾಕಿಕೊಳ್ಳಬೇಕು, ದೀಪದ ಬೆಳಕಿನಲ್ಲಿ ಹೊಲಿಯಲು ಆಗುವುದಿಲ್ಲ. ಮಳಿಗೆಯನ್ನು ಹಗಲು ಬೆಳಕಿದ್ದಷ್ಟು ಹೊತ್ತು ತೆರೆಯುತ್ತಾಳೆ, ಮೋಡ ಕವಿದರೆ ಮುಚ್ಚುತ್ತಾಳೆ. ನಮ್ಮ ಊರಿನಲ್ಲಿ ಜೂನ್ ಬಂದರೆ ಮೋಡ ಕವಿಯದ ದಿನ ಎಷ್ಟಿರುತ್ತದೆ ಹೇಳಿ.

ಅವ್ವ ಅವಳ ಹತ್ತಿರ ಕೂರುವುದನ್ನೇ ಬಿಟ್ಟಳು. ನೋಡಲು ಬಂದವರಿಗೆಲ್ಲ ನನ್ನಿಂದ ಆಯಿತು, ನಾನು ಸೊಪ್ಪು ಕಟ್ಟಿ ಮಗಳನ್ನು ಕೊಲ್ಲುತ್ತಿದ್ದೆ ಎಂದು ಹೇಳುತ್ತಿದ್ದಳು. ಬಂದವರು ನನ್ನ ಕಡೆ ತಿರುಗಿ, ನೀನಿದ್ದೆ ಸರಿಹೋಯಿತು ಎನ್ನುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ನಾಚಿಕೆಗೇಡಿನ ಸಂಗತಿ ಎಂದರೆ ಇದು, ಇಡೀ ಒಂದು ತಿಂಗಳು ಸುಮ್ಮನಿದ್ದೆ. ನಾಲ್ಕು ದಿನ ಆಸ್ಪತ್ರೆಗೆ ಬಿಡದಿದ್ದದ್ದು ಅವ್ವನ ತಪ್ಪೇ. ಆದರೆ ದೇವರ ಗೂಡಿನಲ್ಲಿಟ್ಟ ಡಬ್ಬಿಯನ್ನು ಅವಳು ಮತ್ತೆ ಮುಟ್ಟಿರಲಿಲ್ಲ, ನಾನು ಕದ್ದು ಕೊಟ್ಟದ್ದನ್ನು ತಂಗಿಯೂ ಬಾಯಿ ಬಿಟ್ಟಿರಲಿಲ್ಲ. ಆ ಆರು ಮಾತ್ರೆಯ ಸುದ್ದಿ ಮನೆಯಲ್ಲಿ ನಮ್ಮಿಬ್ಬರಿಗೇ ಗೊತ್ತು.

ಒಂದು ಬೆಳಿಗ್ಗೆ ಅವ್ವ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ತೀರಾ ಸಣಕಲಾಗಿತ್ತು, ಬಳೆ ಮೊಣಕೈವರೆಗೂ ಜಾರುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಎದುರು ಕೂತು ಎಲ್ಲ ಹೇಳಿದೆ. ಬ್ಯಾಗಿನಲ್ಲಿದ್ದ ಮಾತ್ರೆ, ಮೊಸರು, ಚಮಚ, ತಂಗಿ ಬೇಡ ಎಂದದ್ದು, ಡಾಕ್ಟರು ಹೇಳಿದ್ದು. ಗೊತ್ತಿದ್ದೇ ನಿನ್ನನ್ನು ಬೈದೆ ಎನ್ನುವುದನ್ನೂ ಹೇಳಿದೆ. ಅವ್ವ ಅಕ್ಕಿಯಲ್ಲಿ ಕೈಯಾಡಿಸುತ್ತಲೇ ಇದ್ದಳು, ಕಲ್ಲು ಆರಿಸುತ್ತಿರಲಿಲ್ಲ. ಬೈಯುತ್ತಾಳೆ, ಬೈಯಲಿ ಎಂದು ಕಾದೆ.

"ಆವತ್ತೇ ಹೇಳಿದ್ರೆ ನಂಗೆ ಎಲ್ಡ್ ತುತ್ತು ಅನ್ನ ಸೇರ್ತಿತ್ತು ಕಣೆ," ಎಂದಳು.

ಅಷ್ಟೇ. ಮೊರ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ತಂಗಿಯನ್ನು ಕರೆದುಕೊಂಡು ಹಾಸನಕ್ಕೆ ಹೋದೆ. ಹೊಸ ಮಾತ್ರೆಯ ಬಗ್ಗೆ ತಿಳಿಸುವುದಿತ್ತು. ಫಿಟ್ಸ್ ಬಂದಿರಲಿಲ್ಲ, ಆದರೆ ಅವಳು ಸಣ್ಣಸಣ್ಣದಕ್ಕೆಲ್ಲ ಸಿಡುಕುತ್ತಿದ್ದಳು, ಒಮ್ಮೊಮ್ಮೆ ಗೋಡೆ ನೋಡುತ್ತಾ ಕೂರುತ್ತಿದ್ದಳು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ, ಈ ಸಲ ಏನನ್ನೂ ಬಿಡಬಾರದು ಎಂದು. ಅದೇ ಲೇಡಿ ಡಾಕ್ಟರು. ನನ್ನ ಮುಖ ನೋಡಿ, ಹೇಗಿದ್ದಾರೆ ನಿಮ್ಮ ತಂಗಿ ಎಂದು ಕೇಳಿದರು. ನಾನು ಚೀಟಿ ಬಿಡಿಸಿ ಬಾಯಿ ತೆರೆದೆ.

"ನನ್ನ ಕೇಳಿ ಡಾಕ್ಟ್ರೇ," ಎಂದಳು ತಂಗಿ. "ಮಾತ್ರೆ ನುಂಗೋಳು ನಾನು."

ಸಿಟ್ಟಿನಿಂದ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಡಾಕ್ಟರು ನನ್ನನ್ನೊಮ್ಮೆ ನೋಡಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ನಾನು ಚೀಟಿ ಮಡಿಸಿ, ಬ್ಯಾಗು ಎತ್ತಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಒಳಗೆ ಅವಳು ತುಂಬಾ ಹೊತ್ತು ಮಾತಾಡಿದಳು. ಏನು ಹೇಳಿದಳು ಎಂದು ನಾನು ಕೇಳಿಲ್ಲ.